ಸಿಮೆಂಟಿನ ಮೇಲೆ ಗರಡಿಯ ಕಾಲು

ಕಲ್ಕತ್ತೆಯಲ್ಲಿ ಕಣ್ಣುಬಿಟ್ಟ ಮೊದಲ ಬೆಳಗ್ಗೆಯೇ ಯಾರೋ ಸತ್ತಿದ್ದಾರೆ ಅಂದುಕೊಂಡೆ.

ಹಿಂದಿನ ಸಂಜೆ ರೈಲಿಳಿದು ಬಂದು ಚೀನೀಯರ ಬಡಗಿ ಅಂಗಡಿಯ ಅಟ್ಟದಲ್ಲಿ ಮಲಗಿದ್ದೆ. ಬೆಳಗಾದ ಮೇಲೆ ಮುಖ ತೊಳೆಯಲು ನೀರು ಹುಡುಕುತ್ತ ಮಹಡಿ ಹತ್ತಿದೆ. ಮೇಲೆ ಬಯಲು ಮಾಳಿಗೆ. ಅಲ್ಲಿ ನಾಲ್ಕೈದು ಜನ ಚೀನೀ ಮುದುಕರು, ಅವರ ನಡುವೆ ಒಬ್ಬ ಮುದುಕಿ, ಸಾಲಾಗಿ ನಿಂತಿದ್ದರು. ಯಾರ ಬಾಯಲ್ಲೂ ಮಾತಿಲ್ಲ. ಎಲ್ಲರ ಕೈಗಳೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು, ಎದೆಮಟ್ಟದ ನೀರಿನಲ್ಲಿ ನಿಂತವರ ಹಾಗೆ. ಅವರು ಒಂದು ಕಾಲೆತ್ತಿ ಮುಂದಿಡುವಷ್ಟರಲ್ಲಿ ನಮ್ಮೂರಿನವನು ಬೀಡಿ ಹಚ್ಚಿ ಅರ್ಧ ಸೇದಿರುತ್ತಾನೆ. ಇಷ್ಟು ನಿಧಾನವಾಗಿ ಮನುಷ್ಯರು ಕೈಕಾಲು ಆಡಿಸುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮನೆತನದ ಹಿರಿಯರು ಯಾರೋ ಹೋಗಿರಬೇಕು, ಇದು ಅವರ ಪದ್ಧತಿ ಇರಬೇಕು ಎಂದು ತಲೆಗೆ ಸುತ್ತಿದ್ದ ಟವೆಲು ತೆಗೆದು, ಚಪ್ಪಲಿ ಕಳಚಿ, ಕೈಮುಗಿದು ನಿಂತುಬಿಟ್ಟೆ. ಅವರು ಮುಗಿಸುವ ತನಕ ನಿಂತೇ ಇದ್ದೆ.

ಹಿಂದಿನಿಂದ ಬಕೆಟ್ಟು ಹಿಡಿದು ಬಂದವನು ಶಿವನಾಥ. ಅದೇ ಅಂಗಡಿಯಲ್ಲಿ ಗರಗಸ ಎಳೆಯುವ ಬಿಹಾರಿ. ನನ್ನನ್ನು ನೋಡಿ ಬಕೆಟ್ಟು ಕೆಳಗಿಟ್ಟು ನಕ್ಕ. "ಅರೇ ಮದ್ರಾಸಿ, ಯಾರೂ ಸತ್ತಿಲ್ಲ ಮಾರಾಯ! ಅದು ಕಸರತ್ತು!" ಎಂದ ಅವನ ಹಿಂದಿಯಲ್ಲಿ.

ನನಗೆ ನಾಚಿಕೆಗಿಂತ ಸಿಟ್ಟು ಬಂತು. ಕಸರತ್ತು ಅಂದರೆ ಏನೆಂದು ನನಗೇ ಹೇಳುತ್ತಾನಲ್ಲ! ನಾನು ಕೊಟ್ಟೂರಿನ ಗರಡಿಯಲ್ಲಿ ಬೆಳೆದವನು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಬಾಚಿ, ಉಳಿ ಹಿಡಿದೆ. ಹಗಲೆಲ್ಲ ಬಂಡಿಯ ಗಾಲಿ, ಸಂಜೆಯೆಲ್ಲ ಕೆಂಪು ಮಣ್ಣು. ದಂಡ, ಬಸ್ಕಿ ಹೊಡೆಯುತ್ತಿದ್ದರೆ ಮೈಯಿಂದ ಬೆವರು ಸುರಿದು ಕಾಲ ಕೆಳಗಿನ ಮಣ್ಣು ಕೆಸರಾಗಬೇಕು, ಆಗ ಅದಕ್ಕೆ ಸಾಮು ಅನ್ನುವುದು. ಬೆವರೇ ಬರದ ಕಸರತ್ತು ಯಾವ ಸೀಮೆಯದು?

ನಾನು ಊರು ಬಿಟ್ಟ ಕಾರಣ ಸಣ್ಣದು. ರಬ್ಬರ್ ಟೈರಿನ ಬಂಡಿಗಳು ಬಂದವು. ಜಾಲಿ ಮರದ ಗಾಲಿ ಮಾಡುವವನ ಮುಂದೆ ನಿಲ್ಲುವವರು ಕಡಿಮೆಯಾದರು. ಹೊಸಪೇಟೆಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ನಿಂತೆ. ಅಲ್ಲಿನ ಬಂಗಾಳಿ ಕಂಟ್ರಾಕ್ಟರ ನನ್ನ ಕೈಕೆಲಸ ನೋಡಿ, ಕಲ್ಕತ್ತೆಯಲ್ಲಿ ತನಗೆ ಬಾಗಿಲು ಕಿಟಕಿ ಮಾಡಿಕೊಡುವ ಚೀನೀ ಅಂಗಡಿಯಿದೆ, ಹೋಗುತ್ತೀಯಾ ಎಂದ. ಹೋಗುತ್ತೇನೆ ಎಂದೆ. ಹೊರಡುವಾಗ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿಗೆ ಅಕ್ಕನ ಗಂಡ ಬಸಣ್ಣ ಮಾವ ಬಂದಿದ್ದ. ಮನೆ ಆ ಊರಲ್ಲೇ, ಶೇಂಗಾ ವ್ಯಾಪಾರಿ, ಕೊಟ್ಟೂರಿನ ಗರಡಿಯಲ್ಲಿ ನನ್ನ ಜೋಡಿ. ನನ್ನನ್ನು ಮಣ್ಣಿಗೆ ಕೆಡವಿದವರಲ್ಲಿ ಅವನದೇ ಮೊದಲ ಹೆಸರು.

"ಹೋಗಲೇ, ಹೋಗು. ಮೂರು ತಿಂಗಳಿಗೆ ಕುಂಟಿಕೋಂತ ವಾಪಸ್ ಬರ್ತಿ. ನಾನ ಬಂಡಿ ಕಟ್ಕೊಂಡು ಇದ ಸ್ಟೇಷನ್ನಿಗೆ ಬರ್ತೀನಿ" ಎಂದ.

"ಬಂಡಿ ಕಟ್ಟಬ್ಯಾಡ್ರಿ ಮಾವ. ಇಲ್ಲಿಂದ ನಿಮ್ಮ ಮನಿತನ ನಡಕೋಂತ ಬರ್ತೀನಿ, ನೋಡ್ರಿ" ಎಂದೆ. ರೈಲು ಹೊರಟಿತು. ಮಾತು ಆಡಿಯಾಗಿತ್ತು.

ಊರಿನವರು ಕೇಳುತ್ತಾರೆ, ಕಲ್ಕತ್ತೆ ಹೇಗಿದೆ ಎಂದು. ನಮ್ಮಲ್ಲಿ ಬಡಗಿ ಅಂದರೆ ಕುಂತು ಕೆಲಸ ಮಾಡುವವನು ಎನ್ನುವುದರಿಂದ ಶುರು ಮಾಡುತ್ತೇನೆ. ನೆಲದ ಮೇಲೆ ಕುಂತು, ಹಲಗೆಯನ್ನು ಎರಡು ಅಂಗಾಲಿನ ನಡುವೆ ಅದುಮಿ ಹಿಡಿದು ಉಳಿ ಬಡಿಯುತ್ತೇವೆ. ನಮ್ಮ ಕಾಲೇ ನಮ್ಮ ಇಕ್ಕಳ. ಇಲ್ಲಿ ಚೀನೀಯರು ಸೊಂಟದ ಎತ್ತರದ ದಪ್ಪ ಮೇಜಿನ ಮುಂದೆ ನಿಂತು ಮಾಡುತ್ತಾರೆ. ನನಗೆ ಕೊಟ್ಟ ಮೊದಲ ಹಲಗೆಯನ್ನು ಮೇಜಿನಿಂದ ಇಳಿಸಿಕೊಂಡು ನಾನು ಕೆಳಗೆ ಕುಂತೆ. ಅಂಗಡಿಯ ಗರಗಸ, ಸುತ್ತಿಗೆ ಎಲ್ಲ ಒಮ್ಮೆಲೇ ನಿಂತವು. "ಏನು ಬಿದ್ದಿದೆ? ಹುಡುಕಿಕೊಡಲೇನು?" ಎಂದು ಶಿವನಾಥ ಮೇಜಿನ ಕೆಳಗೆ ಬಗ್ಗಿ ನೋಡಿದ. ಅವತ್ತಿನಿಂದ ನಾನೂ ನಿಂತೇ ಮಾಡಿದೆ. ಬೆಳಗಿನಿಂದ ಸಂಜೆ ತನಕ ಸಿಮೆಂಟಿನ ನೆಲದ ಮೇಲೆ. ಸಂಜೆಗೆ ಕಾಲು ನನ್ನದೋ ಮೇಜಿನದೋ ತಿಳಿಯುತ್ತಿರಲಿಲ್ಲ.

ಹೊಳೆಯೂ ಬೇರೆ. ಹಂಪಸಾಗರದ ಹತ್ತಿರ ನಮ್ಮ ತುಂಗಭದ್ರೆ ಒಂದೇ ಕಡೆಗೆ ಹರಿಯುತ್ತಾಳೆ, ಬೇಸಿಗೆಯಲ್ಲಿ ತಳದ ಕಲ್ಲು ಕಾಣುತ್ತದೆ. ಇಲ್ಲಿಯ ಹೂಗ್ಲಿ ಬೆಳಗ್ಗೆ ಆ ಕಡೆ ಹರಿದದ್ದು ಮಧ್ಯಾಹ್ನ ಈ ಕಡೆ ಹರಿಯುತ್ತದೆ. ಮೊದಲ ಸಲ ನೋಡಿದಾಗ ನನಗೆ ತಲೆ ತಿರುಗಿದೆ ಅಂದುಕೊಂಡೆ. ಸಮುದ್ರ ಉಬ್ಬಿದಾಗ ಹೊಳೆಯನ್ನು ಹಿಂದಕ್ಕೆ ದೂಡುತ್ತದಂತೆ. ಊರ ನಡುವೆ ನೆಲದೊಳಗೆ ರೈಲು ಬಿಡಲಿಕ್ಕೆಂದು ದೊಡ್ಡ ರಸ್ತೆಯನ್ನೇ ಅಗೆದಿಟ್ಟಿದ್ದರು. ನಮ್ಮ ಕಡೆ ಬಾವಿ ತೋಡಿದರೆ ಊರೆಲ್ಲ ನೋಡಲು ಬರುತ್ತದೆ, ಇಲ್ಲಿ ಯಾರೂ ತಿರುಗಿಯೂ ನೋಡುವುದಿಲ್ಲ.

ಊಟಕ್ಕೆ ಅನ್ನ, ಮೀನು, ಸಾಸಿವೆ ಎಣ್ಣೆ. ಜೋಳದ ರೊಟ್ಟಿ ಕೇಳಿದರೆ ಶಿವನಾಥ, "ಜೋಳ ನಮ್ಮಲ್ಲಿ ದನ ತಿನ್ನುತ್ತವೆ" ಎಂದ. "ಹಂಗಾದ್ರ ನಿಮ್ಮ ದನ ನಮಗಿಂತ ಸುಖವಾಗಿ ಅದಾವ" ಎಂದೆ ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ, ಆದರೂ ನನ್ನ ಬಾಯಿಗೆ ಕನ್ನಡ ಸಿಕ್ಕಿತಲ್ಲ. ಮೊದಲ ತಿಂಗಳು ನಾನು ಕನ್ನಡ ಆಡುತ್ತಿದ್ದದ್ದು ಮರದ ಜೊತೆಗೆ ಮಾತ್ರ. ಕೊಟ್ಟೂರಿನ ಬೀದಿಯಲ್ಲಿ "ಕೊಟ್ರೇಶಾ" ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ. ಇಲ್ಲಿ ಆ ಹೆಸರಿನವನು ನಾನೊಬ್ಬನೇ, ಕೂಗುವವರೂ ಇಲ್ಲ. ಒಂದು ಸಮಾಧಾನ ಸಿಕ್ಕಿದ್ದು ಬೀದಿ ಬದಿಯ ಮಂಡಕ್ಕಿಯಲ್ಲಿ. ಅವರು ಮುಡಿ ಅನ್ನುತ್ತಾರೆ. ಅದೇ ನಮ್ಮ ಮಂಡಕ್ಕಿ, ಮೇಲೆ ಸಾಸಿವೆ ಎಣ್ಣೆ. ಮಾರುವ ಮುದುಕನಿಗೆ ಪುಟಾಣಿ ಹಿಟ್ಟು ಉದುರಿಸಲು ಕಲಿಸಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಹಾಕಿಸಿಕೊಂಡೆ. ಆಮೇಲೆ ಅವನು ಬೇರೆ ಗಿರಾಕಿಗಳಿಗೂ "ಮದ್ರಾಸಿ ಮುಡಿ" ಎಂದು ಮಾರತೊಡಗಿದ. ಕೊಟ್ಟೂರಿನ ಮಿರ್ಚಿ ಮಂಡಕ್ಕಿ ಕಲ್ಕತ್ತೆ ಗೆದ್ದಿತು ಎಂದು ನಾನು ಹೆಮ್ಮೆಪಟ್ಟುಕೊಂಡೆ.

ಅಂಗಡಿಯ ದೊಡ್ಡ ಮೇಸ್ತ್ರಿ ಲಿಯಾಂಗ್ ಎನ್ನುವವರು. ಅಂಗಡಿ ಅವರ ತಮ್ಮನದು, ಕೈ ಇವರದು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಹುಟ್ಟಿದ್ದು ಕಲ್ಕತ್ತೆಯಲ್ಲೇ, ಚೀನಾ ಕಂಡೇ ಇಲ್ಲ. ಎಲ್ಲರೂ ಅವರನ್ನು ಸೀಫೂ ಅನ್ನುತ್ತಾರೆ. ಕಸುಬು ಕಲಿಸುವ ಮೇಸ್ತ್ರಿಗೂ ಕುಸ್ತಿ ಕಲಿಸುವ ಉಸ್ತಾದನಿಗೂ ಅವರಲ್ಲಿ ಅದೊಂದೇ ಮಾತು. ಮಾಳಿಗೆಯ ಮೇಲಿನ ಆ ನಿಧಾನದ ಆಟವನ್ನು ನಡೆಸುವವರೂ ಅವರೇ. ಅದರ ಹೆಸರು ತಾಯ್ ಚಿ. ತೋಳು ತೊಡೆಯ ಬಲದ ವಿದ್ಯೆ ಹೊರಗಿನದಂತೆ. ಉಸಿರು, ನಿಲುವು, ಮೈಯ ಭಾರ ಇವುಗಳಿಂದ ನಡೆಯುವುದು ಒಳಗಿನದಂತೆ. ಅವರು ಮಾತಾಡುವುದು ಅರ್ಧ ಬಂಗಾಳಿ, ಅರ್ಧ ಹಿಂದಿ. ನಾನು ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ದಿನವೂ ಮುಖ ತೊಳೆಯುವ ನೆಪದಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ, "ಸೀಫೂ, ಇದರಲ್ಲಿ ನೊಣ ಸಾಯಬಹುದು, ಮನುಷ್ಯ ಬೀಳುತ್ತಾನಾ?" ಎಂದೆ. ಅವರು ಸಿಟ್ಟಾಗಲಿಲ್ಲ. ಎರಡು ಕೈ ಮುಂದೆ ಚಾಚಿ, "ಬಾ, ದೂಡು" ಎಂದರು. ಇದು ಅವರಲ್ಲಿ ಜೋಡಿ ಅಭ್ಯಾಸ. ಕೈಗೆ ಕೈ ತಾಗಿಸಿ ಒಬ್ಬರನ್ನೊಬ್ಬರು ಮೆಲ್ಲಗೆ ದೂಡುವುದು.

ನನಗೆ ಗರಡಿಯ ಹುರುಪು ಏರಿತು. ಅಲ್ಲೇ ಮೂಲೆಯಲ್ಲಿ ಇಟ್ಟಿಗೆಯ ಪುಡಿ ಬಿದ್ದಿತ್ತು. ಎರಡೂ ಅಂಗೈಗೆ ಅದನ್ನು ತಿಕ್ಕಿಕೊಂಡು, ಒಮ್ಮೆ ಹಣೆಗೆ ಮುಟ್ಟಿಸಿ, ಉಳಿದದ್ದನ್ನು ಅವರ ಎರಡೂ ಭುಜಕ್ಕೆ ಬಳಿದುಬಿಟ್ಟೆ. ಒಗೆದು ಹಾಕಿಕೊಂಡಿದ್ದ ಬಿಳೀ ಬನಿಯನ್ನು. ಕೆಂಪು ಇಟ್ಟಿಗೆ. ಆಮೇಲೆ ತೊಡೆ ತಟ್ಟಿದೆ.

ಸಾಲಿನಲ್ಲಿದ್ದ ಮುದುಕರು ಕೈ ಎತ್ತಿದಲ್ಲೇ ಬಿಟ್ಟರು. ಬಟ್ಟೆ ಒಣಹಾಕುತ್ತಿದ್ದ ಸೀಫೂನ ಸೊಸೆ ಚೀನೀ ಭಾಷೆಯಲ್ಲಿ ಕೂಗಿಕೊಂಡಳು. ಆ ಭಾಷೆ ನನಗೆ ಬರದಿದ್ದರೂ ಆ ಮಾತು ಪೂರಾ ತಿಳಿಯಿತು. ಸೀಫೂ ಮಾತ್ರ ತಮ್ಮ ಭುಜ ನೋಡಿಕೊಂಡು, "ಇದು ಯಾಕೆ?" ಎಂದು ಕೇಳಿದರು. ಗರಡಿಯಲ್ಲಿ ಎದುರಾಳಿಗೆ ಮಣ್ಣು ಹಚ್ಚಿಯೇ ಕೈ ಹಾಕುವುದು, ಹಿಡಿತ ಜಾರಬಾರದು, ಮತ್ತೆ ಇಬ್ಬರ ಮೈಮೇಲೂ ಒಂದೇ ಮಣ್ಣಿದ್ದರೆ ಮೇಲುಕೀಳು ಇರುವುದಿಲ್ಲ ಎಂದು ಗೊತ್ತಿದ್ದಷ್ಟು ಹಿಂದಿಯಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಬಗ್ಗಿ ಇಟ್ಟಿಗೆ ಪುಡಿ ತೆಗೆದುಕೊಂಡು ನನ್ನ ಭುಜಕ್ಕೂ ಹಚ್ಚಿದರು. "ಹಾಗಾದರೆ ಸರಿ. ದೂಡು."

ದೂಡಿದೆ. ಸೀಫೂ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಂತರು. ನಾನು ಗೆದ್ದೆ! ಓದುವವರು ಬೇರೆಯದನ್ನು ಕಾಯುತ್ತಿದ್ದರೇನೋ. ಆದದ್ದು ಇದೇ. ಅವರು ಕಟ್ಟೆಯ ಮೇಲೆ ಕುಂತು ನಗುತ್ತ, "ಒಳ್ಳೇ ಬಲ. ಮೊಣಕಾಲು ಹೇಗಿದೆ?" ಎಂದರು.

"ಮೊಣಕಾಲಿಗೆ ಏನಾಗಿದೆ?" ಎಂದೆ.

"ಕಟ್ ಅಂತು. ನನಗೆ ಕೇಳಿಸಿತು" ಎಂದರು.

ನನಗೂ ಕೇಳಿಸಿತ್ತು. ಆದರೆ ಗೆದ್ದವನು ಒಪ್ಪಿಕೊಳ್ಳುತ್ತಾನಾ? ಮಾರನೆಯ ದಿನದಿಂದ ನಾನೂ ಸಾಲಿನಲ್ಲಿ ನಿಂತೆ, ಇವರ ವಿದ್ಯೆಯನ್ನು ವಾರದಲ್ಲಿ ಮುಗಿಸಿಬಿಡೋಣ ಎಂದು. ಅವರೆಲ್ಲ ಸ್ವಲ್ಪ ಮಂಡಿ ಬಗ್ಗಿಸಿದರೆ ನಾನು ಬಸ್ಕಿಯಷ್ಟು ಕೆಳಗೆ ಕುಂತೆ. ಅವರು ಉಸಿರಾಡುತ್ತಿದ್ದರೆ ನಾನು ಎದೆಯುಬ್ಬಿಸಿ ಉಸಿರು ಕಟ್ಟಿದೆ. ಸೀಫೂ ಬಂಗಾಳಿಯಲ್ಲಿ "ಆಸ್ತೆ, ಆಸ್ತೆ" ಅನ್ನುತ್ತಿದ್ದರು. ಮೆಲ್ಲಗೆ ಎಂದರ್ಥ. ಮೆಲ್ಲಗೆ ಮಾಡುವುದು ಮುದುಕರಿಗೆ ಎಂದುಕೊಂಡೆ. ನೋವು ಬಂದಾಗ ಗರಡಿಯಲ್ಲಿ ಮಾಡಿದ್ದನ್ನೇ ಮಾಡಿದೆ: ಇನ್ನೂ ಹೆಚ್ಚು ಹೊಡೆದೆ. ಒಂದು ಬೆಳಗ್ಗೆ ಸೊಂಟ ತಿರುಗಿಸಿದವನಿಗೆ ಮೊಣಕಾಲೊಳಗೆ ಚಾಕು ಆಡಿಸಿದಂತಾಯಿತು. ಮಧ್ಯಾಹ್ನಕ್ಕೆ ಮಂಡಿ ತೆಂಗಿನಕಾಯಿಯಾಗಿತ್ತು.

ಅಂಗಡಿಯ ಮಾಲೀಕ, ಅಂದರೆ ಸೀಫೂನ ತಮ್ಮ, ಕೆಟ್ಟವನಲ್ಲ. ಆದರೆ ಅವನದು ನಿಂತು ಮಾಡುವ ಕೆಲಸ. "ನಿಲ್ಲಲಾಗದವನನ್ನು ಇಟ್ಟುಕೊಂಡು ಏನು ಮಾಡಲಿ? ಊರಿಗೆ ಹೋಗಿ ಬಾ" ಎಂದ. ಅಟ್ಟಕ್ಕೆ ಹೋಗಲು ಏಣಿ ಹತ್ತಲಾಗದೆ ಮರದ ಹೊಟ್ಟಿನ ಚೀಲಗಳ ಮೇಲೆ ಒರಗಿದ್ದೆ. ನನಗೆ ಕಾಣುತ್ತಿದ್ದದ್ದು ಒಂದೇ: ಹಗರಿಬೊಮ್ಮನಹಳ್ಳಿ ಸ್ಟೇಷನ್ನು, ಅಲ್ಲಿ ಮಾವನ ಬಂಡಿ, ಬಂಡಿಯಲ್ಲಿ ಮೆತ್ತಗೆ ಹಾಸಿದ ಹುಲ್ಲು. ಮೂರು ತಿಂಗಳು ಕೂಡ ಆಗಿರಲಿಲ್ಲ.

ಸೀಫೂ ಬಂದು ಪಕ್ಕದಲ್ಲಿ ಕುಂತರು. ಯಾವುದೋ ಬೇರು ಅರೆದು ಕಟ್ಟುತ್ತಾರೆ ಅಂದುಕೊಂಡೆ. "ನಾನು ಬಡಗಿ. ಮಂಡಿಯೊಳಗೆ ಏನಾಗಿದೆ ಅಂತ ನನಗೇನು ಗೊತ್ತು? ಏಳು, ಆಸ್ಪತ್ರೆಗೆ" ಎಂದು ಶಿವನಾಥನ ಹೆಗಲಿಗೆ ನನ್ನನ್ನು ಹೊರಿಸಿದರು. ಸರಕಾರಿ ಆಸ್ಪತ್ರೆಯ ಎಲುಬಿನ ಡಾಕ್ಟರು ಒತ್ತಿ, ಬಗ್ಗಿಸಿ, ಚಿತ್ರ ತೆಗೆಸಿ ನೋಡಿ, ಏನೂ ಹರಿದಿಲ್ಲ, ಉಳುಕಿ ಬಾತಿದೆ, ಬಾವು ಇಳಿಯುವ ತನಕ ಕಸರತ್ತು ಗಿಸರತ್ತು ಮಾಡಿದರೆ ನೋಡು ಎಂದರು. ತಮ್ಮನ ಜೊತೆ ಸೀಫೂ ಏನು ಮಾತಾಡಿದರೋ, ನನಗೊಂದು ಸ್ಟೂಲು ಹಾಕಿಸಿ ಅಂಗಡಿಯ ಉಳಿ, ಹಲಗೆ ಹೆರೆಯುವ ರಂದಾ ಎಲ್ಲದರ ಅಲಗು ಮಸೆಯುವ ಕೆಲಸ ಕೊಟ್ಟರು. "ಮಂಡಿ ವಾಸಿಯಾಗುವ ತನಕ ಇವನು ಅಲಗಿನವನು" ಎಂದರು.

ಬಾವು ಇಳಿಯುತ್ತಿದ್ದಾಗ ಒಂದು ದಿನ ಕೇಳಿದರು, "ನಿಮ್ಮ ಗರಡಿಯಲ್ಲಿ ನೆಲ ಹೇಗಿರುತ್ತದೆ?"

ಹೇಳಿದೆ. ಕೆಂಪು ಮಣ್ಣು ಜರಡಿ ಹಿಡಿದು, ಮಜ್ಜಿಗೆ, ಎಣ್ಣೆ, ಅರಿಶಿಣ ಕಲಸಿ, ದಿನವೂ ಗುದ್ದಲಿಯಿಂದ ಕೆದರಿ ಮೆತ್ತಗೆ ಇಟ್ಟಿರುತ್ತೇವೆ. ಪಾದ ಗೇಣುದ್ದ ಹೂತುಹೋಗುತ್ತದೆ ಎಂದು ಸ್ವಲ್ಪ ಹೆಚ್ಚೇ ಹೇಳಿದೆ.

"ಅಲ್ಲಿ ಮೈ ತಿರುಗಿಸಿದರೆ?"

"ಪಾದ ತಾನೇ ತಿರುಗುತ್ತದೆ."

ಅವರು ಕಾಲಿನಿಂದ ಸಿಮೆಂಟಿನ ನೆಲ ಬಡಿದರು. "ಇಲ್ಲಿ?"

ನಾನು ನನ್ನ ಪಾದ ನೋಡಿಕೊಂಡೆ. ಹುಟ್ಟಿನಿಂದ ಕಾಲ್ಬೆರಳು ಊರಿ ನೆಲ ಕಚ್ಚಿ ನಿಲ್ಲಲು ಕಲಿತವನು ನಾನು. ಮಣ್ಣಿನಲ್ಲಿ ಮೈ ತಿರುಗಿದರೆ ಮಣ್ಣು ದಾರಿ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಪಾದ ಅಲ್ಲೇ, ಸೊಂಟ ಬೇರೆ ಕಡೆ. ನಡುವೆ ಸಿಕ್ಕ ಮೊಣಕಾಲು ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಹೋಯಿತು. ಗರಡಿಯ ಕಾಲನ್ನು ಹಾಗೆಯೇ ರೈಲು ಹತ್ತಿಸಿ ತಂದು ಕಲ್ಕತ್ತೆಯ ಮಾಳಿಗೆಯ ಮೇಲೆ ಊರಿದ್ದೆ.

ನಮ್ಮ ಗರಡಿಯ ಹುಡುಗರು ಇದನ್ನು ಓದಬಹುದು, ಅದಕ್ಕೇ ಸೀಫೂ ಕಲಿಸಿದ್ದನ್ನು ಬಿಡಿಸಿ ಬರೆಯುತ್ತೇನೆ. ತಿರುಗಬೇಕಾದಾಗ ಮೊದಲು ಭಾರವನ್ನು ಇನ್ನೊಂದು ಕಾಲಿಗೆ ದಾಟಿಸು. ಹಗುರವಾದ ಪಾದವನ್ನು ಹಿಮ್ಮಡಿಯ ಮೇಲೆ ತಿರುಗಿಸು. ಆಮೇಲೆ ಅದರ ಮೇಲೆ ಭಾರ ಹಾಕು. ಮಂಡಿ ಪಾದದ ಬೆರಳು ನೋಡುವ ಕಡೆಗೇ ನೋಡಬೇಕು, ಬೆರಳು ದಾಟಿ ಮುಂದೆ ಹೋಗಬಾರದು. ಕೆಳಗೆ ಕುಂತಷ್ಟೂ ಗಂಡಸು ಎನ್ನುವ ಲೆಕ್ಕ ಇಲ್ಲಿಲ್ಲ, ಉಸಿರು ಸರಾಗವಾಗಿ ಬರುವಷ್ಟೇ ಬಗ್ಗು. ಉಸಿರು ಕಟ್ಟಬೇಡ, ಹೊಟ್ಟೆಗೆ ಇಳಿಯಲು ಬಿಡು. ತೊಡೆ ಉರಿದರೆ ಉರಿಯಲಿ, ಅದು ದುಡಿಮೆ. ಕೀಲು ನೊಂದರೆ ಅಲ್ಲೇ ನಿಲ್ಲು, ಅದು ದೂರು. ಕೈಲಾಗುವುದರಲ್ಲಿ ಮುಕ್ಕಾಲು ಮಾಡಿ ಕಾಲು ಭಾಗ ನಾಳೆಗೆ ಉಳಿಸು. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಉಳಿಸುವುದು ಮೈಗಳ್ಳರ ಕೆಲಸ ಎಂದು ನಮ್ಮ ಅಪ್ಪ ಹೊಡೆದು ಕಲಿಸಿದ್ದ.

ನಿಲ್ಲುವುದೇ ಒಂದು ಪಾಠ. ಕಾಳಿನ ದೊಡ್ಡ ಬುಟ್ಟಿಯನ್ನು ತಬ್ಬಿದ ಹಾಗೆ ತೋಳು ಮುಂದಿಟ್ಟು ಸುಮ್ಮನೆ ನಿಲ್ಲಬೇಕು. ಗುಂಡುಕಲ್ಲು ಎತ್ತಿದವನಿಗೆ ಬರೀ ಗಾಳಿ ತಬ್ಬಿ ನಿಲ್ಲು ಅಂದರೆ ಹೇಗಾಗಬೇಡ? ಸ್ವಲ್ಪ ಹೊತ್ತಿಗೇ ಭುಜ ನಡುಗಿತು. ಸಾಲಿನಲ್ಲಿದ್ದ ಮುದುಕಿ ನಿಂತಲ್ಲೇ ನನ್ನ ಕಡೆ ನೋಡಿ ತನ್ನ ಬೊಚ್ಚು ಬಾಯಿ ತೆರೆದು ನಕ್ಕಳು. ಅವಳ ತೋಳು ಅಲುಗಿರಲಿಲ್ಲ.

ಆದರೆ ನನಗೆ ವಿದ್ಯೆ ಹತ್ತಿದ್ದು ಮಾಳಿಗೆಯಲ್ಲಲ್ಲ, ಮಸೆಯುವ ಕಲ್ಲಿನ ಮುಂದೆ. ಮಂಡಿ ಹಗುರಾದ ಮೇಲೆ ಸ್ಟೂಲು ಬಿಟ್ಟು ನಿಂತು ಮಸೆಯತೊಡಗಿದೆ. ತೋಳಿನಿಂದ ಉಜ್ಜಿದರೆ ಅಲಗಿನ ಅಂಚು ಡೊಂಕಾಗುತ್ತಿತ್ತು. ಒಂದು ಮಧ್ಯಾಹ್ನ ಬೇಸತ್ತು, ತೋಳನ್ನು ಸುಮ್ಮನೆ ಬಿಟ್ಟು, ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಮೈಯನ್ನೇ ದಾಟಿಸುತ್ತ ಮಸೆದೆ. ಅಲಗು ಕಲ್ಲಿನ ಮೇಲೆ ತಾನೇ ಹೋಗಿ ತಾನೇ ಬಂತು. ಸದ್ದು ಒಂದೇ ಸಮ. ತಲೆಯೆತ್ತಿದರೆ ಸೀಫೂ ನನ್ನ ಕೈ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. "ಇದೇ" ಎಂದರು. ಅಷ್ಟೇ. ಹೊರಟುಹೋದರು. ಸಂಜೆ ಆ ಉಳಿಯಿಂದ ನನ್ನ ಮುಂಗೈ ಕೂದಲು ಬೋಳಿಸಿ ಶಿವನಾಥನಿಗೆ ತೋರಿಸಿದೆ. "ಕಲ್ಲು ಉಜ್ಜುತ್ತ ಕುಸ್ತಿ ಕಲಿತವನು ನೀನೊಬ್ಬನೇ" ಎಂದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ನಾನೂ ಶಿವನಾಥನೂ ತೇಗದ ಬಾಗಿಲೊಂದನ್ನು ಹೊತ್ತು ಮೂರು ಮಹಡಿ ಹತ್ತಿಸಿ ಬಂದೆವು. ಕೆಳಗೆ ಬಂದು ಚಹಾ ಕುಡಿಯುವಾಗ ಅವನು, "ಮಂಡಿ?" ಎಂದ. ಹೌದಲ್ಲ, ಮಂಡಿ! ಹತ್ತುವಾಗಲೂ ಇಳಿಯುವಾಗಲೂ ಅದು ನನ್ನ ನೆನಪಿಗೇ ಬಂದಿರಲಿಲ್ಲ. ಅವತ್ತು ಮಂಡಕ್ಕಿ ಮುದುಕನ ಹತ್ತಿರ ಇಬ್ಬರಿಗೂ ಎರಡೆರಡು ಪೊಟ್ಟಣ ಕಟ್ಟಿಸಿದೆ. ಮಾಲೀಕ ನನ್ನನ್ನು ಮೇಜಿನ ಮುಂದೆ ಮತ್ತೆ ನಿಲ್ಲಿಸಿದ. ಮರುವರ್ಷ ರಜೆ ಸಾಲದೆ ಹೊಸಪೇಟೆಯಲ್ಲೇ ಮದುವೆ ಮುಗಿಸಿ, ಊರಿಗೆ ಹೋಗದೆ ಶಾಂತಮ್ಮನನ್ನು ಕರೆತಂದು ಒಂದು ಕೋಣೆ ಹಿಡಿದೆ. ಸುಗ್ಗಿಯ ವ್ಯಾಪಾರ ಎಂದು ಮಾವ ಮದುವೆಗೆ ಬಂದಿರಲಿಲ್ಲ. ಮರಕ್ಕೆ ಕನ್ನಡ ಹೇಳುವ ಕಷ್ಟ ತಪ್ಪಿತು.

ಎರಡನೇ ದೀಪಾವಳಿಗೆ ಇಬ್ಬರೂ ಊರಿಗೆ ಬಂದೆವು. ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ ಮಾವನೂ ಇಲ್ಲ, ಬಂಡಿಯೂ ಇಲ್ಲ. ಟ್ರಂಕು ಹೆಗಲಿಗೇರಿಸಿ ನಡೆದೆ. ಬೇಕೆಂದೇ ಸಂತೆ ಬೀದಿಯಿಂದ ಹೋದೆ, ನಾಲ್ಕು ಜನ ನೋಡಲಿ ಎಂದು. ಶಾಂತಮ್ಮ ಹಿಂದಿನಿಂದ, "ಸ್ವಲ್ಪ ಮೆಲ್ಲಕ ನಡಿರಿ, ರೈಲು ಹೋತು, ಓಡಿ ಹಿಡಿಯಂಗಿಲ್ಲ" ಎಂದು ಕೂಗುತ್ತಿದ್ದಳು.

ಮಾವ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಂತಿದ್ದ. ನಾನು ನಡೆದು ಬಂದದ್ದನ್ನು ನೋಡಿದ, ಏಳಲಿಲ್ಲ. "ಬಾರಲೇ ಚೀನಾ" ಎಂದ. ನಾನು ಎದೆಯುಬ್ಬಿಸಿ ಹೇಳಬೇಕೆಂದಿದ್ದ ಮಾತು ಬಾಯಿತನಕ ಬಂತು. ಅಷ್ಟರಲ್ಲಿ ಅಕ್ಕ ಊಟಕ್ಕೆ ತಾಟು ಇಟ್ಟಳು. ನಮಗೆಲ್ಲ ನೆಲದ ಮೇಲೆ, ಮಾವನಿಗೆ ಸ್ಟೂಲಿನ ಮೇಲೆ. ಊಟ ಮುಗಿದು ಅವನು ಏಳುವಾಗ ಬಾಗಿಲ ಚೌಕಟ್ಟು ಹಿಡಿದ, ಹಲ್ಲು ಕಚ್ಚಿದ. ಗರಡಿಯಲ್ಲಿ ನನ್ನನ್ನು ಎತ್ತಿ ಒಗೆಯುತ್ತಿದ್ದ ಮನುಷ್ಯ. ನನ್ನ ಮಾತು ಹಾಗೇ ಒಳಗೆ ಹೋಯಿತು.

"ಏನಾಗೈತಿ ಮಾವ?"

"ಏನಿಲ್ಲ. ಜೋಮು ಹಿಡದೈತಿ."

ಅಕ್ಕ ಒಳಗಿನಿಂದ, "ವರ್ಷಾತು, ಜೋಮು ಇನ್ನಾ ಬಿಟ್ಟಿಲ್ಲ ನೋಡು! ಚೀಲ ಹೊರಬ್ಯಾಡ ಅಂದ್ರ ಹೊರ್ತಾನ, ನೋವು ಅಂದ್ರ ಇನ್ನೊಂದು ನೂರು ಬಸ್ಕಿ ಹೊಡೀತಾನ" ಎಂದಳು.

"ನೀ ಸುಮ್ಕಿರಲೇ" ಎಂದ ಮಾವ. ಅದರಲ್ಲಿ ಹಳೆಯ ಜೋರು ಇರಲಿಲ್ಲ.

ಹೊಸಪೇಟೆಯ ಡಾಕ್ಟರಲ್ಲಿಗೆ ಅವನನ್ನು ಒಪ್ಪಿಸಿ ಕರೆದೊಯ್ಯಲು ನನಗೆ ಎರಡು ದಿನ ಹಿಡಿಯಿತು. ಕೀಲು ಸವೆದಿದೆ, ಭಾರ ಹೊರಬಾರದು, ಮೆಲ್ಲನೆಯ ವ್ಯಾಯಾಮ ಆಗಬಹುದು ಎಂದರು ಅವರು. ಮಾರನೆಯ ದಿನ ಹೊತ್ತು ಮೂಡುವಾಗ ಮಾವನನ್ನು ಮಾಳಿಗೆ ಹತ್ತಿಸಿದೆ. ಮಣ್ಣಿನ ಮಾಳಿಗೆ, ತುಳಿದು ತುಳಿದು ಗಟ್ಟಿಯಾದದ್ದು. ಸಿಮೆಂಟಿನ ತಮ್ಮ. ಅದಕ್ಕೇ ಪಾದ ತಿರುಗಿಸುವುದರಿಂದಲೇ ಶುರು ಮಾಡಿದೆ.

"ಇಷ್ಟಕ್ಕ ಇಷ್ಟು ದೂರ ಹೋಗಿದ್ದೇನಲೇ? ನಮ್ಮ ಎಮ್ಮಿ ಇದಕ್ಕಿಂತ ಜಲ್ದಿ ತಿರುಗತೈತಿ" ಎಂದ ಮಾವ.

"ಎಮ್ಮಿಗೆ ಮಂಡಿ ನೋವಿಲ್ರಿ ಮಾವ. ಉಸುರು ಬಿಡ್ರಿ. ಆಸ್ತೆ."

"ಆಸ್ತೆ ಅಂದ್ರ?"

"ಮೆಲ್ಲಕ."

ಬುಟ್ಟಿ ತಬ್ಬಿದ ಹಾಗೆ ತೋಳು ಮುಂದಿಟ್ಟು ಇಬ್ಬರೂ ಅಲುಗದೆ ನಿಂತಿದ್ದೆವು. ಪಕ್ಕದ ಮಾಳಿಗೆಗೆ ಮೆಣಸಿನಕಾಯಿ ಒಣಹಾಕಲು ಬಂದ ಅಜ್ಜಿ ನಮ್ಮನ್ನು ನೋಡಿ, ಮೊರ ಕೆಳಗಿಟ್ಟು, ಸೆರಗು ಹೊದ್ದು ಕೈಮುಗಿದಳು. "ಅಯ್ಯ ಶಿವನೇ! ಯಾರು ತೀರ್ಕೊಂಡ್ರಬೇ ಇವರ ಮನ್ಯಾಗ?"

ಅಂಗಳದಿಂದ ಅಕ್ಕ ಕೂಗಿದಳು, "ಯಾರೂ ಇಲ್ಲಬೇ ಎವ್ವಾ. ಇವರಿಬ್ರ ಸೊಕ್ಕು ತೀರ್ಕೊಂಡೈತಿ!"

ಮಾವ ನಕ್ಕು ಕೈ ಬಿಟ್ಟ. ನಾನು ಅಷ್ಟು ಜೋರಾಗಿ ನಕ್ಕದ್ದು ಊರು ಬಿಟ್ಟ ಮೇಲೆ ಅದೇ ಮೊದಲು.

ಇದೆಲ್ಲ ಕೆಲವು ವರ್ಷಗಳ ಹಿಂದಿನ ಮಾತು. ಈಗ ನಮ್ಮ ಮಗಳು ಶಾಂತಮ್ಮನ ಜೊತೆ ಕನ್ನಡದಲ್ಲಿ ಜಗಳ ಆಡುತ್ತಾಳೆ, ಲೆಕ್ಕ ಬಂಗಾಳಿಯಲ್ಲಿ ಎಣಿಸುತ್ತಾಳೆ. ರಜೆ ಕೇಳಿದಾಗ ಶಿವನಾಥ, "ನಿನ್ನ ಊರಿಗೆ ಹೊರಟೆಯಾ? ಅದೃಷ್ಟವಂತ" ಎನ್ನುತ್ತಾನೆ. ಅಲ್ಲಿ ಮಾವ, "ನಿಮ್ಮೂರಾಗ ಮಳಿ ಹೆಂಗಪಾ?" ಎಂದು ಕಲ್ಕತ್ತೆಯ ಮಳೆ ಕೇಳುತ್ತಾನೆ. ಎರಡೂ ಕಡೆಯವರು ಇನ್ನೊಂದನ್ನು ನನ್ನ ಊರು ಮಾಡಿಬಿಟ್ಟಿದ್ದಾರೆ. ಹೋದ ಸಲ ಹೊರಡುವಾಗ ಗರಡಿಯ ಮಣ್ಣನ್ನು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಸೀಫೂಗೆ ಕೊಟ್ಟೆ. ಅವರು ಮೂಸಿದರು, ಮಜ್ಜಿಗೆ ವಾಸನೆ ಹಿಡಿದರು. ಸೊಸೆ ಬಟ್ಟೆ ಹಗ್ಗದ ಕಡೆಗೆ ಓಡುವುದರೊಳಗೆ ತಮ್ಮ ಬನಿಯನ್ನಿನ ಎರಡೂ ಭುಜಕ್ಕೆ ಅದನ್ನು ತಾವೇ ಬಳಿದುಕೊಂಡು, "ಬಾ, ದೂಡು" ಎಂದರು.

"ಸೀಫೂ, ಎರಡು ಊರಾದವನು ಯಾವ ಕಾಲಿನ ಮೇಲೆ ನಿಲ್ಲಬೇಕು?" ಎಂದು ಅವತ್ತು ಕೇಳಿದೆ. ತಾವು ಕಾಣದ ಊರಿನ ಭಾಷೆ ಆಡುತ್ತ, ಆ ಭಾಷೆ ಆಡದ ಊರಲ್ಲಿ ಮುದುಕರಾದವರು ಅವರು. ಗೊತ್ತಿರಬೇಕಲ್ಲ.

"ಎರಡರ ಮೇಲೂ ಒಟ್ಟಿಗೆ ಭಾರ ಹಾಕಬೇಡ, ಅಲುಗಲಾರೆ. ಒಂದರ ಮೇಲೆ ನಿಲ್ಲು. ಹಗುರವಾದ ಕಾಲನ್ನು ನೆಲಕ್ಕೆ ತಾಗಿಸಿಟ್ಟಿರು, ಎತ್ತಿಬಿಡಬೇಡ" ಎಂದರು. ಅವರು ಹೇಳಿದ್ದು ದೂಡುವ ಪಾಠವೋ ನನ್ನ ಪ್ರಶ್ನೆಗೆ ಉತ್ತರವೋ ನಾನು ಕೇಳಲಿಲ್ಲ.

ಈ ವರ್ಷ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿನಲ್ಲಿ ಇಳಿದಾಗ ಮಾವ ಬಂದಿದ್ದ. ಬೇವಿನ ಮರದ ಕೆಳಗೆ, ಊರುಗೋಲಿಲ್ಲದೆ, ಸ್ವಲ್ಪವೇ ಮಂಡಿ ಬಗ್ಗಿಸಿ ನಿಂತಿದ್ದ. ದೂರದಿಂದಲೇ ನೋಡಿದೆ, ಭಾರ ಪೂರಾ ಎಡಗಾಲಿನ ಮೇಲಿತ್ತು.

"ಬಂಡಿ ಎಲ್ರಿ ಮಾವ?"

"ಯಾಕ್ಲೇ, ನಿನಗ ಕಾಲಿಲ್ಲೇನು?" ಎಂದು ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ, ಡಾಕ್ಟರ ಮಾತು ನೆನಪಾಗಿ ಅವಳ ಕೈಬೆರಳು ಮಾತ್ರ ಹಿಡಿದುಕೊಂಡ. ನಾಲ್ವರೂ ನಡೆದೆವು. ಸಂತೆ ಬೀದಿ ಬಂದಾಗ ಯಾರೋ, "ಬಸಣ್ಣಾರ, ಯಾವಾಗ ಬಂದ್ರು ಬೀಗರು ಊರಿಗೆ?" ಎಂದು ಕೇಳಿದರು.

ಮಾವ ನನ್ನ ಕಡೆ ನೋಡಿದ. "ಯಾವ ಊರಿಗಂತ ಅವನ್ನ ಕೇಳ್ರಿ" ಎಂದು ಮುಂದೆ ನಡೆದ, ಆಸ್ತೆ ಆಸ್ತೆ.